ಅಕ್ಕತಂಗೇರು ಎಷ್ಟು ಜನ?

ಬಾಳ್ಳುಪೇಟೆಯಲ್ಲಿ ಮನೆ ಕೊಳ್ಳುವವರು ಕೆಲಸ ಬೇಗ ಮುಗಿಯಲಿ ಅಂದರೆ ಹಾಸನದ ವಕೀಲರನ್ನು ಹಿಡಿಯುತ್ತಾರೆ, ಕೊಂಡ ಮನೆಯಲ್ಲಿ ನೆಮ್ಮದಿಯಾಗಿ ಮಲಗಬೇಕು ಅಂದರೆ ನಮ್ಮ ಶಾಂತಮಲ್ಲಪ್ಪನವರನ್ನು. ಬೇಕರಿಯ ಮೇಲಿನ ಒಂದೇ ಕೋಣೆ ಅವರ ರಣರಂಗ. ಹಳೇ ಪತ್ರ ಕೈಗೆ ಬಂತೆಂದರೆ ಭೂತಗನ್ನಡಿಯನ್ನು ಗದೆಯಂತೆ ಎತ್ತಿ, ಪುಟಕ್ಕೊಂದು ಲೋಟ ಕಾಫಿಯ ಬಲದಿಂದ ಚಕ್ಕುಬಂದಿಯ ನಾಲ್ಕು ದಿಕ್ಕನ್ನೂ ಜಯಿಸುತ್ತಾರೆ. ಪೂರ್ವಕ್ಕೆ ಹಲಸಿನ ಮರ ಎಂದು ಬರೆದಿದ್ದರೆ ಬಸ್ಸು ಹತ್ತಿ ಹೋಗಿ ನೋಡುತ್ತಾರೆ. ಮರ ಇಲ್ಲದಿದ್ದರೆ ಬುಡವನ್ನಾದರೂ ತೋರಿಸಬೇಕು. ಕೊನೆಗೆ ಬ್ರಹ್ಮಾಸ್ತ್ರ: "ಮಾರೋರಿಗೆ ಅಕ್ಕತಂಗೇರು ಎಷ್ಟು ಜನ?" ಹಾನುಬಾಳಿನ ಸುರೇಂದ್ರ ಗೃಹಪ್ರವೇಶದ ಕಾರ್ಡು ಹಂಚಿಯೇ ಇವರ ಮುಂದೆ ಬಂದು ಕೂತಿದ್ದ. "ಮಾರೋನು ಒಬ್ಬನೇ ಮಗ ಅಂತ ವಂಶವೃಕ್ಷದಲ್ಲೇ ಐತೆ ಕಣ್ರೀ, ಸರಿ ಐತೆ ಅಂತ ಬರ್ದು ಸಹಿ ಹಾಕ್ಬುಡಿ ಮಾರಾಯ್ರೆ!" "ಕಾಗದದಲ್ಲಿ ಒಬ್ಬನೇ, ಸರಿ. ಮನೇಲಿ?" ಎಂದ ವಕೀಲರು ಜೀಪು ಹತ್ತಿ, ಹೊಂಗಡಹಳ್ಳಕ್ಕೆ ಮದುವೆಯಾಗಿ ಹೋಗಿದ್ದ, ಮಾರುವವನ ತಂಗಿಯೊಬ್ಬಳನ್ನು ಹುಡುಕಿಯೇ ಬಿಟ್ಟರು. ಆಕೆಯ ಸಹಿ ಬರುವ ತನಕ ಗೃಹಪ್ರವೇಶ ಮುಂದಕ್ಕೆ ಹೋಯಿತು. "ನಿಮ್ಗೆ ಎಲ್ಲಾರ ಮೇಲೂ ಯಾಕಿಷ್ಟು ಅನುಮಾನ ಸ್ವಾಮಿ?" ಎಂದು ಸುರೇಂದ್ರ ಹರಿಹಾಯ್ದಾಗ ಶಾಂತಮಲ್ಲಪ್ಪನವರು ಮೇಜಿನ ಖಾನೆಯಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು ಕೊಟ್ಟರು. "ವಕೀಲನಾದ ಮೇಲೆ ನಾನು ಬರೆದ ಮೊದಲ ವಂಶವೃಕ್ಷ. ಅಪ್ಪ ಮನೆ ಮಾರುವಾಗ ಬರೆದದ್ದು." ಅಪ್ಪನ ಹೆಸರಿನ ಕೆಳಗೆ ಶಾಂತಮಲ್ಲಪ್ಪ ಎಂಬ ಒಂದೇ ಹೆಸರಿತ್ತು. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಬಹಳ ವರ್ಷ ತಡವಾಗಿ, ಅದೇ ಕೈ ಬರೆದಿತ್ತು: ತಂಗಿ, ಜಗದಾಂಬ.