ಒಂದೇ ಮನೆಯ ಇಬ್ಬರು ಟೊರ್ಮೊಡ್‌ಗಳು

೨೦೦೩ರ ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಫಿ ಮಾರಿಸನ್ ಅಡುಗೆಮನೆಯ ಮೇಜಿನ ಮೇಲೆ ಎರಡು ಜನನ ದಾಖಲೆಗಳ ನಕಲುಗಳನ್ನು ಅಕ್ಕಪಕ್ಕ ಇಟ್ಟು, ಸಾಲಿನ ಕೆಳಗೆ ಅಳತೆಪಟ್ಟಿ ಹಿಡಿದು ಓದುತ್ತಿದ್ದರು.

ಎಫಿಗೆ ಎಪ್ಪತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿದ್ದವರು. ಲೂಯಿಸ್ ದ್ವೀಪದ ನಮ್ಮ ಊರಿನಲ್ಲಿ ಆಗ ನಲವತ್ತು ಮನೆ, ಅದರಲ್ಲಿ ಇಪ್ಪತ್ತಾರು ಮನೆ ಮಾರಿಸನ್‌ರದು. ಮನೆತನದ ಹೆಸರಷ್ಟೇ ಬರೆದರೆ ಟಪಾಲು ಕೂಡ ಸರಿಯಾದ ಮನೆ ಸೇರುತ್ತಿರಲಿಲ್ಲ. ಯಾರು ಯಾರ ಮಗ ಎಂಬುದನ್ನು ಎಫಿ ಒಂದೊಂದು ಕಾರ್ಡಿನಲ್ಲಿ ಬರೆದು ಚಪ್ಪಲಿ ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ದರು. ಒಟ್ಟು ೧,೩೧೨ ಕಾರ್ಡು.

ಹಳೆಯ ಚರ್ಚಿನ ಪಟ್ಟಿಯಲ್ಲಿ ಆಂಗಸ್ ಮತ್ತು ಕ್ಯಾಟ್ರಿಯೋನಾ ಮಾರಿಸನ್‌ರಿಗೆ ಇಬ್ಬರು ಟೊರ್ಮೊಡ್‌ಗಳು ಹುಟ್ಟಿದ್ದರು, ಒಬ್ಬ ೧೮೭೧ರಲ್ಲಿ, ಇನ್ನೊಬ್ಬ ೧೮೭೪ರಲ್ಲಿ. ಹೊರಗಿನವರಿಗಾದರೆ ತಕ್ಷಣ ಅನುಮಾನ ಬರುತ್ತಿತ್ತು. ನಮ್ಮಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಅಜ್ಜಂದಿರಿಬ್ಬರೂ ಟೊರ್ಮೊಡ್ ಆಗಿದ್ದರೆ ಮಕ್ಕಳಿಬ್ಬರೂ ಟೊರ್ಮೊಡ್. ಒಬ್ಬ ದೊಡ್ಡ, ಒಬ್ಬ ಚಿಕ್ಕ. ಎಫಿಯ ಪಕ್ಕದ ಮನೆಯಲ್ಲೇ ಅಂಥ ಇಬ್ಬರು ಅಣ್ಣತಮ್ಮಂದಿರಿದ್ದರು. ಹಾಗಾಗಿ ಇವರೂ ಒಂದೇ ತಂದೆತಾಯಿಯ ಮಕ್ಕಳೇ ಎಂಬ ಬಗ್ಗೆ ಎಫಿ ಎರಡನೇ ಸಲ ಯೋಚಿಸಿರಲಿಲ್ಲ.

ಚಿಕ್ಕ ಟೊರ್ಮೊಡ್ ಎಫಿಯ ಅಜ್ಜ. ದೊಡ್ಡವನು ನೇಕಾರ ಕೆನ್ನಿಯ ಅಜ್ಜ. ಈ ಲೆಕ್ಕದ ಮೇಲೆ ೧೯೮೪ರಲ್ಲಿ ಎಫಿ ಕೆನ್ನಿಯ ಮನೆ ಬಾಗಿಲು ತಟ್ಟಿದ್ದರು. ಬೇರೆ ರಕ್ತಸಂಬಂಧಿ ಅವರಿಗೆ ಯಾರೂ ಉಳಿದಿರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಊಟ ಅಲ್ಲೇ. ಹೆಂಡತಿ ತೀರಿಕೊಂಡಾಗ ಕೆನ್ನಿ ತಮ್ಮ ಕುಟುಂಬದ ಸಮಾಧಿ ಜಾಗದಲ್ಲಿ ಮುಂದೆ ಮಣ್ಣು ಮಾಡಬೇಕಾದವರ ಪಟ್ಟಿಗೆ ಎಫಿಯ ಹೆಸರನ್ನೂ ಬರೆಸಿದ್ದರು.

ಈಗ ಮೇಜಿನ ಮೇಲಿದ್ದ ಸರ್ಕಾರಿ ಜನನ ದಾಖಲೆಗಳಲ್ಲಿ, ಚರ್ಚಿನ ಪಟ್ಟಿಯಲ್ಲಿಲ್ಲದ, ತಂದೆತಾಯಿಯ ಮದುವೆಯ ತಾರೀಕೂ ಇತ್ತು. ದೊಡ್ಡವನ ದಾಖಲೆಯಲ್ಲಿ ೧೮೬೪ರ ಮಾರ್ಚ್. ಚಿಕ್ಕವನದರಲ್ಲಿ ೧೮೭೦ರ ಜನವರಿ. ಅಂದರೆ ಇಬ್ಬರು ಆಂಗಸ್‌ಗಳು, ಇಬ್ಬರು ಕ್ಯಾಟ್ರಿಯೋನಾಗಳು, ಎರಡು ಮನೆ.

ಎಫಿ ಮೊದಲು ಹನ್ನೊಂದು ಕಾರ್ಡುಗಳನ್ನು ತಿದ್ದಿದರು. ಚಹಾ ತಣ್ಣಗಾಗಿತ್ತು, ಹಾಗೆಯೇ ಕುಡಿದರು. ಆಮೇಲೆ ಕೋಟು ಹಾಕಿಕೊಂಡು ಕೆನ್ನಿಯ ಮಗ್ಗದ ಕೊಟ್ಟಿಗೆಗೆ ಹೋದರು.

"ಇವತ್ತು ಭಾನುವಾರ ಅಲ್ವಲ್ಲ," ಎಂದರು ಕೆನ್ನಿ, ಮಗ್ಗ ತುಳಿಯುತ್ತಲೇ. "ಅಷ್ಟು ಬೇಗ ಹಸಿವಾಯ್ತಾ?"

"ನಾವು ಸಂಬಂಧಿಕರಲ್ಲ ಕೆನ್ನಿ. ನಾನು ತಪ್ಪು ಜೋಡಿಸಿದ್ದೆ."

ಮಗ್ಗ ನಿಂತಿತು. ಕೆನ್ನಿ ಕನ್ನಡಕ ಹುಡುಕಿ ಹಾಕಿಕೊಂಡು ಎರಡೂ ಹಾಳೆ ಓದಿದರು.

"ಹತ್ತೊಂಬತ್ತು ವರ್ಷ ನನ್ನ ಕುರಿಮಾಂಸದ ಸಾರು ಕುಡಿದು ಈಗ ಹೇಳ್ತಿದ್ದೀಯ."

"ಈಗಷ್ಟೇ ಗೊತ್ತಾಯ್ತು."

"ಸುಮ್ನಿದ್ದಿದ್ರೆ ಯಾರು ಕೇಳ್ತಿದ್ರು ಮಾರಾಯ್ತಿ?"

"ಕಾರ್ಡಲ್ಲಿ ಸುಳ್ಳು ಇರುತ್ತಲ್ಲ." ಎಫಿ ಹಾಳೆಗಳನ್ನು ಮಡಚಿದರು. "ಆ ಸಮಾಧಿ ಜಾಗ ನಿಮ್ಮ ಮನೆಯವರದ್ದು. ನನ್ನ ಹೆಸರು ತೆಗೆಸಿಬಿಡು."

"ಬರೆಸಿದ್ದು ನಾನು. ನಿನ್ನ ಕಾರ್ಡು ನೋಡ್ಕೊಂಡು ಬರೆಸ್ಲಿಲ್ಲ." ಕೆನ್ನಿ ಮತ್ತೆ ತುಳಿಯತೊಡಗಿದರು. "ಆದ್ರೆ ಈ ಭಾನುವಾರ ಆಲೂಗಡ್ಡೆ ನೀನೇ ತಾ. ಪರಕೀಯರು ಬರಿಗೈಲಿ ಬರಬಾರ್ದು."

ಎಫಿ ನಗಲಿಲ್ಲ. ನಮ್ಮಲ್ಲಿ ಭಾನುವಾರ ಕೆಲಸ ಮಾಡುವಂತಿಲ್ಲವಾದ್ದರಿಂದ ಶನಿವಾರವೇ ಸುಲಿದಿಟ್ಟ ಆಲೂಗಡ್ಡೆಯನ್ನು ಭಾನುವಾರ ಪಾತ್ರೆಯಲ್ಲಿ ಒಯ್ದರು. ಊಟದ ರುಚಿ ತನಗೆ ಗೊತ್ತಾಗಲಿಲ್ಲ ಎಂದು ಆಮೇಲೆ, ಅಂಚೆ ಕಚೇರಿಯಲ್ಲಿ ಅವರ ಜೊತೆ ಕೆಲಸ ಮಾಡಿದ್ದ ನನ್ನ ಹತ್ತಿರ ಹೇಳಿದ್ದರು. ಭಾನುವಾರಗಳು ಮಾತ್ರ ತಪ್ಪಲಿಲ್ಲ.

೨೦೦೯ರಲ್ಲಿ ಅವರು ತೀರಿಕೊಂಡ ಮೇಲೆ ಡಬ್ಬಿಗಳು ನನ್ನ ಕೈಗೆ ಬಂದವು. ಅವರ ಸ್ವಂತ ಕಾರ್ಡಿನಲ್ಲಿ 'ಬದುಕಿರುವ ಸಂಬಂಧಿಗಳು' ಎಂಬಲ್ಲಿ ೧ ಎಂದಿದ್ದುದನ್ನು ಹೊಡೆದುಹಾಕಿ ೦ ಎಂದು ಬರೆದಿದ್ದರು, ಪಕ್ಕದಲ್ಲಿ ಆ ಮಂಗಳವಾರದ ತಾರೀಕು. ಅದನ್ನು ಮತ್ತೆ ತಿದ್ದಿರಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ ನಾನು ಹಾಸಿಗೆಯ ಪಕ್ಕದಲ್ಲಿದ್ದೆ. ನಿಮ್ಮವರಲ್ಲಿ ಎಷ್ಟು ಜನಕ್ಕೆ ತಿಳಿಸಬೇಕು ಎಂದು ನರ್ಸ್ ಕೇಳಿದಾಗ ಎಫಿ ಸ್ಪಷ್ಟವಾಗಿ ಹೇಳಿದ್ದರು: "ಒಬ್ಬರಿಗೆ."