ಅಗ್ನಿಮೂಲೆಗೆ ತಿರುಗಿದ ಡಿಶ್

ಅತ್ತಿಗೆ ಕುಡುಗೋಲಿನಿಂದ ಕೇಬಲ್ ವೈರು ಕತ್ತರಿಸಿದ ದಿನ ನಾನು ಗುಂಡ್ಲುಪೇಟೆಯ ನಮ್ಮ ಮನೆಯ ಜಗುಲಿಯ ಮೇಲೆಯೇ ಕೂತಿದ್ದೆ. ತಡೆಯಲಿಲ್ಲ. ಟೀವಿಯಲ್ಲಿ ಬರೀ ಚುಕ್ಕಿ ಬರುತ್ತಿದೆ ಎಂದು ಅವರು ದೂರು ಹೇಳಿದ್ದಕ್ಕೆ ಕೇಬಲ್ಲಿನವನು, "ಟೀವಿ ವಿಸ್ಯ ಎಂಗುಸ್ರಿಗೇನ್ ಗೊತ್ತಾದದು? ಮನೇಲಿ ಗಂಡಸ್ರಿದ್ರೆ ಕಳ್ಸಿ" ಎಂದಿದ್ದ. ಆ ಗಂಡಸು ನಾನೇ. ನನಗೂ ಸಿಟ್ಟು ಬಂತು. ಆದರೆ ನನ್ನ ಸಿಟ್ಟು ಬಾಯಿಯ ತನಕ ಬಂದು ವಾಪಸು ಹೋಗುವಂಥದ್ದು, ಅತ್ತಿಗೆಯದು ನೇರ ಕೈಗೆ ಇಳಿಯುವಂಥದ್ದು.

ಆ ವೈರಿನ ಇನ್ನೊಂದು ತುದಿಯಲ್ಲಿ ಅಮ್ಮ ಇದ್ದಳು. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಮಂಡಿಯ ತನಕ ಪ್ಲಾಸ್ಟರ್ ಹಾಕಿಸಿಕೊಂಡು ನಡುಮನೆಯ ಮಂಚ ಹಿಡಿದಿದ್ದವಳಿಗೆ ದಿನ ತಳ್ಳಲು ಇದ್ದದ್ದು ಆ ಟೀವಿಯೊಂದೇ. ಅದೂ ಹೋಯಿತು. ಅವತ್ತಿನಿಂದ ಅಮ್ಮ ಸೊಸೆಯೊಡನೆ ಮಾತು ಬಿಟ್ಟಳು. ಅಣ್ಣ ತರಕಾರಿ ಲಾರಿ ಹೊಡೆದುಕೊಂಡು ಕೇರಳದ ಕಡೆ ಹೋಗಿದ್ದ. ಹಾಗಾಗಿ ಅವರಿಬ್ಬರ ನಡುವಿನ ಅಂಚೆಯವನು ನಾನಾದೆ.

"ಕಾಪಿ ಬ್ಯಾಡ ಅಂತ ಏಳ್ಲಾ ಅವ್ಳಿಗೆ." ಅತ್ತಿಗೆ ಲೋಟ ಹಿಡಿದು ಅಮ್ಮನ ಎದುರಿಗೇ ನಿಂತಿರುತ್ತಿದ್ದರು! "ಕೇಬಲ್ಲಿನವನ್ತಾವ ಓಗಿ ತಪ್ಪಾಯ್ತು ಅನ್ಬುಟ್ಟು ಬಾ ಅಂತ ಏಳು."

"ಅದೊಂದ್ ಬುಟ್ಟು ಬೇರೆ ಏನಾರಾ ಏಳಿ ಅನ್ನಪ್ಪ ನಿಮ್ಮಮ್ಮನ್ಗೆ" ಎನ್ನುತ್ತಿದ್ದರು ಅತ್ತಿಗೆ.

ಅತ್ತಿಗೆ ಮನೆಗೆ ಬಂದು ಎರಡು ವರ್ಷವಾಗಿತ್ತು. ಅತ್ತೆ ಸೊಸೆ ಅಂದಮೇಲೆ ಸಣ್ಣಪುಟ್ಟದ್ದು ಇದ್ದದ್ದೇ, ಆದರೆ ಮನೆಯಲ್ಲಿ ಮಾತೇ ನಿಂತದ್ದು ಅದೇ ಮೊದಲು. ರಾತ್ರಿ ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. ಇದು ಹೀಗೇ ಗಟ್ಟಿಯಾಗಿಬಿಟ್ಟರೆ ಗತಿಯೇನು ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಐದನೆಯ ದಿನ ಅತ್ತಿಗೆ ಬೆಳಗಿನ ಬಸ್ಸಿಗೆ ಚಾಮರಾಜನಗರಕ್ಕೆ ಹೋದವರು ಸಂಜೆ ತೊಡೆಯ ಮೇಲೊಂದು ಡಿಶ್ಶು, ಕಾಲ ಬಳಿ ಅದರ ಬಾಕ್ಸು ಇಟ್ಟುಕೊಂಡು ವಾಪಸು ಬಂದರು. "ಎಷ್ಟು ಜನಕ್ಕವ್ವಾ ಅಡ್ಗೆ?" ಎಂದು ಬಸ್ಸಿನಲ್ಲಿ ಒಬ್ಬ ಮುದುಕಿ ಕೇಳಿದಳಂತೆ. ಕೂರಿಸುವ ಆಳು ಹದಿನೈದು ದಿನ ಬಿಟ್ಟು ಬರುತ್ತಾನೆ ಎಂದ ಅಂಗಡಿಯವನಿಗೆ ಅತ್ತಿಗೆ, "ಬ್ಯಾಡ ಬುಡಿ, ನಾನೇ ಕೂರುಸ್ಕೊತೀನಿ" ಅಂದು ಬಂದಿದ್ದರು.

ಇಲ್ಲಿ ನನ್ನ ಪ್ರತಾಪವನ್ನೂ ಹೇಳಬೇಕು. ಕೇಬಲ್ ಬರುವ ಮುಂಚೆ ನಮ್ಮ ಬೀದಿಯ ಆಂಟೆನಾಗಳೆಲ್ಲ ನನ್ನ ಕೈಯಲ್ಲಿ ತಿರುಗಿದವು. ಮೂರು ರಾಜ್ಯ ಕೂಡುವ ಊರು ನಮ್ಮದು. ಕೊಂಬೆಗಳನ್ನು ಮೈಸೂರಿನ ಕಡೆ ತಿರುಗಿಸಿದರೆ ಕನ್ನಡ, ಊಟಿಯ ಕಡೆ ತಿರುಗಿಸಿದರೆ ತಮಿಳು, ವಯನಾಡಿನ ಕಡೆಯಾದರೆ ಮಲಯಾಳ ಎಂಬುದು ನಮ್ಮ ಶಾಸ್ತ್ರ. ಹಾಗಾಗಿ ಮಾರನೆಯ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ತಾರಸಿಯಲ್ಲಿ ಕಂಬ ನಿಲ್ಲಿಸಿ, ಡಿಶ್ಶನ್ನು ಮೈಸೂರಿನ ಕಡೆ ಮುಖ ಮಾಡಿ ಬಿಗಿದೇಬಿಟ್ಟೆ. ಪರದೆ ಕಪ್ಪಗೇ ಇತ್ತು.

ಅತ್ತಿಗೆ ಬಾಕ್ಸಿನ ಜೊತೆ ಕೊಟ್ಟಿದ್ದ ಪುಸ್ತಕ ಓದಿಕೊಂಡು ಮೇಲೆ ಬಂದರು. "ಆಗ್ನೇಯಕ್ಕೆ ತಿರುಗ್ಸಬೇಕಂತೆ. ಬಿಚ್ಚಪ್ಪ ಅದ."

"ಅತ್ಲಾಗೆ ತಿರುಗ್ಸುದ್ರೆ ತಮಿಳೇ ಬರಾದು, ನೋಡ್ತಾ ಇರಿ" ಎಂದೆ. ಕೆಳಗಿನಿಂದ ಅಮ್ಮನದೂ ಅದೇ ರಾಗ.

"ಇದು ಮೈಸೂರಿಂದಲೂ ಬರಲ್ಲ, ಊಟಿಯಿಂದಲೂ ಬರಲ್ಲ. ಎಲ್ಲಾ ಬಾಸೆನೂ ಮ್ಯಾಗ್ಲಿಂದ ಒಂದೇ ಕಡೆಯಿಂದ ಬತ್ತದೆ" ಎಂದರು ಅತ್ತಿಗೆ. ಆಗ್ನೇಯ ಎಲ್ಲಿ ಎಂದು ಹುಡುಕಲು ಅವರಿಗೆ ದಿಕ್ಸೂಚಿಯೂ ಬೇಕಾಗಲಿಲ್ಲ. ಮನೆ ಕಟ್ಟಿದವರು ಅಡುಗೆಮನೆಯನ್ನು ಅಗ್ನಿಮೂಲೆಗೇ ಕಟ್ಟಿರುತ್ತಾರಲ್ಲ! ತಾರಸಿಯ ಮೇಲೆ ಅದರ ಎದುರು ಮೂಲೆಯಲ್ಲಿದ್ದ ಕಂಬದ ಬಳಿ ನಿಂತು, ಒಲೆಯ ಹೊಗೆ ಏಳುವ ಕಡೆಗೆ ಡಿಶ್ಶಿನ ಮುಖ ಮಾಡಿದರು. ಆಮೇಲೆ ಒಂದು ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟು ಕಂಬ ನೆಟ್ಟಗಿದೆಯೇ ಎಂದು ನೋಡಿದರು. ಇರಲಿಲ್ಲ. ಅದನ್ನು ನಿಲ್ಲಿಸಿದವನೂ ನಾನೇ. ಅತ್ತಿಗೆಯೇ ಬುಡಕ್ಕೆ ಬೆಣೆ ಹೊಡೆದು ನೆಟ್ಟಗೆ ಮಾಡಿದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕೆಲಸ ಕಷ್ಟವಾದದ್ದು ಆಮೇಲೆ. ಡಿಶ್ಶು ತಾರಸಿಯಲ್ಲಿ, ಟೀವಿ ನಡುಮನೆಯಲ್ಲಿ. ಪರದೆಯ ಮೇಲೆ ಒಂದು ಪಟ್ಟಿ ತುಂಬಿದರೆ ದಿಕ್ಕು ಸರಿ ಎಂದರ್ಥ. ಅದನ್ನು ಅಮ್ಮನೇ ನೋಡಲಿ ಎಂದರು ಅತ್ತಿಗೆ. ಅವಳಿಗೆ ಕೋಪವಿದ್ದದ್ದು ಸೊಸೆಯ ಮೇಲೆ, ಟೀವಿಯ ಮೇಲಲ್ಲ. ಆದ್ದರಿಂದ ಪಟ್ಟಿ ನೋಡಲು ಒಪ್ಪಿದಳು, ಆದರೆ ನನಗೆ ಮಾತ್ರ ಹೇಳುತ್ತಾಳಂತೆ. ನಾನು ಮೆಟ್ಟಿಲ ನಡುವೆ ನಿಂತೆ.

"ಇಲ್ಲ ಅನ್ನು" ಎಂದಳು ಅಮ್ಮ. "ಇಲ್ವಂತೆ" ಎಂದು ನಾನು ಕೂಗಿದೆ. ಅತ್ತಿಗೆ ಅಕ್ಕಿಕಾಳಿನಷ್ಟು ತಿರುಗಿಸಿದರು. "ಬಂತು ಅನ್ನು!" "ಬಂತಂತೆ!" ಅಷ್ಟರಲ್ಲಿ ಡಿಶ್ಶು ಇನ್ನೊಂದು ಅಕ್ಕಿಕಾಳು ಮುಂದೆ ಹೋಗಿರುತ್ತಿತ್ತು. "ಓಯ್ತು ಅನ್ನು." "ಓಯ್ತಂತೆ." ಹೀಗೆ ನಾಲ್ಕು ಸಲ ಬಂತು, ನಾಲ್ಕು ಸಲ ಹೋಯಿತು. ಬಿಸಿಲು ನೆತ್ತಿಗೇರಿತು. ನನ್ನ ಸಿಟ್ಟು ಅವತ್ತೊಂದು ದಿನ ಬಾಯಿಂದ ಆಚೆ ಬಂತು. "ನಿಮ್ಮಿಬ್ಬರ ಮಧ್ಯ ನಾ ಸಾಯಕ್ಕಾಗಕಿಲ್ಲ, ಬೇಕಾದ್ರೆ ನೀವೇ ಮಾತಾಡ್ಕಳಿ!" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅತ್ತಿಗೆ ನನ್ನನ್ನು ತಿರುಗಿಯೂ ನೋಡಲಿಲ್ಲ. ಕಾದ ತಾರಸಿಯ ಮೇಲೆ ಬರಿಗಾಲಿನಲ್ಲಿ ನಿಂತು, ಡಿಶ್ಶಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಒಂದಿಷ್ಟು ತಿರುಗಿಸುವುದು, ಎಣಿಸುತ್ತ ಕಾಯುವುದು, ಮತ್ತೆ ತಿರುಗಿಸುವುದು. ಕೆಳಗಿನಿಂದ ಯಾರೂ ಏನೂ ಹೇಳುತ್ತಿಲ್ಲ, ಆದರೂ ನಿಲ್ಲಿಸಲಿಲ್ಲ. ಅಷ್ಟು ತಾಳ್ಮೆಯ ಕೈಯನ್ನು ನಾನು ಈವರೆಗೂ ಬೇರೆ ಕಂಡಿಲ್ಲ. ಕುಡುಗೋಲು ಹಿಡಿದಿದ್ದ ಕೈಯೂ ಅದೇ ಎಂದರೆ ನಂಬುವುದು ಕಷ್ಟವಾಗಿತ್ತು.

ತಾರಸಿಗೆ ತೆರೆದಿದ್ದ ನಡುಮನೆಯ ಬೆಳಕಿಂಡಿಯಿಂದ ಒಮ್ಮೆಲೇ ದನಿ ಎದ್ದಿತು. ಅಮ್ಮನದು. "ನಿಲ್ಸು! ನಿಲ್ಸಮ್ಮೀ, ಅಲ್ಲೇ ಇರ್ಲಿ, ಕೈ ಬುಡಬ್ಯಾಡ ಕಣಮ್ಮೀ!"

ಅತ್ತಿಗೆಯ ಕೈ ತಕ್ಷಣ ನಿಂತಿತು. ಒಂದು ಕೈಯಲ್ಲಿ ಡಿಶ್ಶು ಅಲುಗದಂತೆ ಹಿಡಿದು, ಇನ್ನೊಂದರಿಂದ ಸ್ಪಾನರ್ ತೆಗೆದುಕೊಂಡು ನಟ್ಟು ಬಿಗಿಯತೊಡಗಿದರು. ಬಿಗಿಯುತ್ತಲೇ ಬೆಳಕಿಂಡಿಯ ಕಡೆ ಬಗ್ಗಿ ಕೂಗಿದರು:

"ಏನಂದ್ರಿ ಅತ್ತೆ? ಕೇಳ್ಸನಿಲ್ಲ, ಇನ್ನೊಂದ್ಸಲಿ ಏಳಿ!"