ನ್ಯೂಟ್ರಲಿಗೆ ಕೂಡಿಸಿದ ತುಂಡು ತಂತಿ

ಕಡಬದ ಅಲಿ ಕುಂಞಿ ಜನರೇಟರ್ ರಿಪೇರಿ ಮಾಡುವವರು. ಇಪ್ಪತ್ತು ವರ್ಷ ಸೌದಿಯ ದಮಾಮಿನಲ್ಲಿ ಅದೇ ಕೆಲಸ ಮಾಡಿ, ಐದು ವರ್ಷದ ಹಿಂದೆ ಊರಿಗೆ ಮರಳಿದ್ದರು.

ಕಳೆದ ಫೆಬ್ರವರಿಯಲ್ಲಿ ಪ್ರಸನ್ನರ ಮದುವೆ ಹಾಲಿನಿಂದ ಫೋನ್ ಬಂತು. ಹೊಸ ಡೀಸೆಲ್ ಜನರೇಟರ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಅಡುಗೆಮನೆಯ ಗ್ರೈಂಡರ್ ಹಾಕಿದ ಕೂಡಲೇ ಜನರೇಟರಿನ ಟ್ರಿಪ್ಪರ್ ಸ್ವಿಚ್ಚು ಬಿದ್ದು ಕರೆಂಟು ಹೋಗುತ್ತಿತ್ತು. ಮರುದಿನವೇ ಅಲ್ಲೊಂದು ಮದುವೆಯ ನಿಖಾಹ್ ಇತ್ತು. ಅಲಿ ಕುಂಞಿ ಹಾಲಿನ ಅಡುಗೆಮನೆಗೆ ಹೋದರು.

"ಅಲಿಕಾಕ, ಟ್ರಿಪ್ಪರ್ ತೆಗೆದು ಡೈರೆಕ್ಟ್ ಕೊಡಿ ಮಾರಾಯ್ರೆ. ಹಳೆ ಜನರೇಟರಿಗೆ ಇದೆಲ್ಲ ಇರ್ಲೇ ಇಲ್ಲ," ಎಂದರು ಪ್ರಸನ್ನ.

"ಅದು ಸುಮ್ಮನೆ ಬೀಳುದಿಲ್ಲ. ಹೋದ ಕರೆಂಟ್ ಪೂರ್ತಿ ನ್ಯೂಟ್ರಲಿನಲ್ಲೇ ವಾಪಸ್ ಬರ್ಬೇಕು. ಸ್ವಲ್ಪ ಬೇರೆ ದಾರಿ ಹಿಡಿದ್ರೂ ಬೀಳ್ತದೆ. ಆ ದಾರಿ ಮನುಷ್ಯನ ಮೈಯೂ ಆಗ್ಬಹುದು."

ತೆಂಗಿನಕಾಯಿ ತುರಿಯುತ್ತಿದ್ದ ಅಡುಗೆಯ ನೆಬೀಸ ತಲೆಯೆತ್ತಿದಳು. "ಗ್ರೈಂಡರ್ ಮುಟ್ಟಿದ್ರೆ ಜುಮ್ ಅಂತದೆ ಅಂತ ನಾನು ಹೇಳಿದ್ದೇ ಹೇಳಿದ್ದು. ಚಪ್ಪಲಿ ಹಾಕಿ ಮುಟ್ಟು ಅಂದ್ರು."

ಕಂಬದಿಂದ ಬರುವ ಲೈನ್ ಕರೆಂಟಿಗೆ ಟ್ರಿಪ್ಪರ್ ಇರಲಿಲ್ಲ. ಅದರಲ್ಲಿ ಗ್ರೈಂಡರ್ ಓಡಿಸಿ ಅಲಿ ಕುಂಞಿ ಅರ್ತ್ ತಂತಿಗೆ ಮೀಟರ್ ಹಿಡಿದರು. ಏನೂ ಹರಿಯಬಾರದಿದ್ದ ಕಡೆ ಅರ್ಧ ಆಂಪಿಯರ್. ಮೇನ್ ಆಫ್ ಮಾಡಿ ಪ್ಲಗ್ಗಿನ ಪೆಟ್ಟಿಗೆ ಬಿಚ್ಚಿದರು. ನ್ಯೂಟ್ರಲ್ ಮತ್ತು ಅರ್ತನ್ನು ಕೂಡಿಸಿದ ಎರಡಿಂಚಿನ ತಂತಿ ಒಳಗಿತ್ತು.

ಅವರು ಆ ತಂತಿಯ ತುದಿ ಸುತ್ತಿದ ರೀತಿಯನ್ನು ಬಗ್ಗಿ ನೋಡಿದರು.

"ಎಂತ ಆಯ್ತು?" ಎಂದರು ಪ್ರಸನ್ನ.

"ಇದು ನಾನೇ ಹಾಕಿದ್ದು. ನಿಮ್ಮ ತಂದೆಯ ಕಾಲದಲ್ಲಿ."

ಗಲ್ಫಿಗೆ ಹೋಗುವ ಮೊದಲು, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಈ ಅಡುಗೆಮನೆಗೆ ವಯರಿಂಗ್ ಮಾಡಿದ್ದು ಅವರೇ. ಅರ್ತ್ ಇಲ್ಲದ ಕಡೆ ನ್ಯೂಟ್ರಲಿನಿಂದಲೇ ತುಂಡು ತಂತಿ ಕೊಡುವುದನ್ನು ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಮುಂದೆ ಹಾಲಿಗೆ ಅರ್ತ್ ಎಳೆದಾಗಲೂ ಅದನ್ನು ಯಾರೂ ತೆಗೆದಿರಲಿಲ್ಲ. ಆ ತಂತಿಯಲ್ಲಿ ದಾರಿ ತಪ್ಪಿದ ಸ್ವಲ್ಪ ಕರೆಂಟೇ ನೆಬೀಸಳಿಗೆ ಜುಮ್ ಎನಿಸಿದ್ದು; ನ್ಯೂಟ್ರಲ್ ಎಲ್ಲಾದರೂ ಕಡಿದಿದ್ದರೆ ಪೂರ್ತಿ ಕರೆಂಟು ಗ್ರೈಂಡರಿನ ಮೈಗೇ ಬರುತ್ತಿತ್ತು.

ತಂತಿ ಕತ್ತರಿಸಿದರು. ಜನರೇಟರಿನಲ್ಲಿ ಗ್ರೈಂಡರ್ ತಿರುಗಿತು, ಟ್ರಿಪ್ಪರ್ ಬೀಳಲಿಲ್ಲ.

"ನಂದು ತಪ್ಪಾಯ್ತು ನೆಬೀಸ. ಇನ್ನು ಹೆದರುದು ಬೇಡ."

"ಮೊದಲು ನೀವು ಮುಟ್ಟಿ."

ಅಲಿ ಕುಂಞಿ ಮತ್ತೊಮ್ಮೆ ಮೀಟರ್ ನೋಡಿ, ಚಪ್ಪಲಿ ಕಳಚಿ, ಒದ್ದೆ ನೆಲದಲ್ಲಿ ನಿಂತು ಗ್ರೈಂಡರಿನ ಮೇಲೆ ಅಂಗೈ ಇಟ್ಟರು. ಆಮೇಲೆಯೇ ಅವಳು ಕಾಯಿ ಹಾಕಿದಳು.

ಆ ಕಾಲದಲ್ಲಿ ವಯರಿಂಗ್ ಮಾಡಿದ್ದ ಹನ್ನೊಂದು ಮನೆಗಳು ಅವರಿಗೆ ನೆನಪಿದ್ದವು. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಒಂದೊಂದಕ್ಕೆ ಹೋದರು. ಏಳರಲ್ಲಿ ಅಂಥದೇ ತಂತಿ ಸಿಕ್ಕಿತು. ಮರ್ಕಂಜದ ಮಹೇಶ್ವರ ಎಂಬವರು, "ಇಷ್ಟು ವರ್ಷ ಎಂತ ಆಗ್ಲಿಲ್ಲ, ಈಗೆಂತ?" ಎಂದು ಎರಡು ಸಲ ವಾಪಸ್ ಕಳಿಸಿದರು. ಮೂರನೆಯ ಸಲ ಹೋದಾಗ ಒಳಗೆ ಕರೆದು, ಅವರೇ ಟಾರ್ಚ್ ಹಿಡಿದರು.